ಕಂಪನಿ ಅಜ್ಜಿ

ಹೊಸ ಹೋಟೆಲು ಬಾಗಿಲು ತೆರೆದ ದಿನ ಸಾಲಿನಲ್ಲಿ ನಾನು ಏಳನೆಯವನಾಗಿ ನಿಂತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಹುಣಸೂರು ಅಂಥ ದೊಡ್ಡ ಊರೇನಲ್ಲ. ನಾನು ಹೇಳದಿದ್ದರೆ ಬೇರೆ ಯಾರಾದರೂ ನಿಮಗೆ ಹೇಳಿಯೇ ತೀರುತ್ತಾರೆ. ಅದರ ಹಿಂದಿನ ಭಾನುವಾರವಷ್ಟೇ ಸಭೆಯೊಂದರಲ್ಲಿ ‘ನಮ್ಮೂರಿನ ಹೋಟೆಲುಗಳನ್ನು ನಾವೇ ಉಳಿಸಿಕೊಳ್ಳಬೇಕು’ ಎಂದು ಇಪ್ಪತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಸಾಲಿನಲ್ಲಿ ನನ್ನ ಮುಂದಿದ್ದ ಆರು ಜನರಲ್ಲಿ ನಾಲ್ವರು ಅಂದು ಚಪ್ಪಾಳೆ ತಟ್ಟಿದವರೇ. ಒಬ್ಬರ ಮುಖವನ್ನೊಬ್ಬರು ನೋಡದೆ ಎಲ್ಲರೂ ತಲೆಯ ಮೇಲಿನ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆವು.

ಹೋಟೆಲಿನ ಹೆಸರು ಬೇಡ. ದೇಶದ ಊರೂರಿನಲ್ಲಿ ಅದರ ಅಂಗಡಿಗಳಿವೆ. ಎಲ್ಲ ಕಡೆಯೂ ಅದೇ ಬಣ್ಣದ ಕುರ್ಚಿ, ಅದೇ ಹಾಡು, ಅದೇ ‘ಸ್ವಾಗತ’. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ರುಚಿ ಎಂಬುದು ಅವರ ಹೆಮ್ಮೆಯ ಮಾತು. ನನಗೇಕೋ ಅದು ಯಾರೋ ಅವರ ಮೇಲೆ ಹೊರಿಸಿದ ಆರೋಪದ ಹಾಗೆ ಕೇಳಿಸುತ್ತದೆ. ನಮ್ಮ ಕಡೆಯ ಹೋಟೆಲುಗಳಿಗೆ ಇಂಥ ಶಿಸ್ತು ಎಲ್ಲಿಂದ ಬರಬೇಕು? ಪಿರಿಯಾಪಟ್ಟಣದಲ್ಲಿ ನಾನು ಹೋಗುವ ಹೋಟೆಲಿಗೆ ಬೋರ್ಡೇ ಇಲ್ಲ, ಮಾಲೀಕರ ಮೀಸೆಯೇ ಅದರ ಗುರುತು. ಕೆ.ಆರ್. ನಗರದಲ್ಲೊಬ್ಬರು ಹದಿನಾಲ್ಕು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ನಾವು ಯಾವುದನ್ನು ಕೇಳಿದರೂ ‘ಅದು ಆಗೋಯ್ತು’ ಎನ್ನುತ್ತಾರೆ. ಎಚ್.ಡಿ. ಕೋಟೆಯ ಒಂದು ಹೋಟೆಲಿನಲ್ಲಿ ಕಾಡಂಚಿನ ಹಾಡಿಯ ಹೆಂಗಸರು ಬೆಳಿಗ್ಗೆ ಯಾವ ಸೊಪ್ಪು ತಂದು ಮಾರುತ್ತಾರೋ ಮಧ್ಯಾಹ್ನ ಅದೇ ಸಾರು; ಹೆಸರು ಕೇಳಿದರೆ ‘ಸೊಪ್ಪು ಕಣ್ರೀ’ ಎಂಬ ಉತ್ತರ. ಇಲ್ಲೆಲ್ಲ ನೊಣಗಳಿವೆ, ಒದ್ದೆ ಮೇಜುಗಳಿವೆ, ಕೈತೊಳೆಯುವ ನಲ್ಲಿಗಳು ಮೊದಲು ನಮ್ಮ ಪ್ಯಾಂಟನ್ನು ತೊಳೆಯುತ್ತವೆ. ಶೌಚಾಲಯದ ವಿಷಯ ಎತ್ತದಿರುವುದೇ ಊರಿನ ಮಾನ.

ಹೊಸ ಹೋಟೆಲಿನೊಳಗೆ ತಂಪಾಗಿತ್ತು, ನೊಣವಿರಲಿಲ್ಲ. ನಾನು ಅಕ್ಕಿರೊಟ್ಟಿ ಹೇಳಿದೆ. ವೃತ್ತಿಯಿಂದ ನಾನು ಪತ್ರ ಬರಹಗಾರ; ಮೂವತ್ತು ವರ್ಷ ಕ್ರಯಪತ್ರ, ಭೋಗ್ಯಪತ್ರ ಬರೆದು ಬರೆದು ಏನನ್ನು ಕಂಡರೂ ಚೆಕ್ಕುಬಂದಿ ಹಾಕುವ ಚಟ ಅಂಟಿದೆ. ಆ ರೊಟ್ಟಿಗೂ ಹಾಕಿದೆ: ಪೂರ್ವಕ್ಕೆ ಪ್ಲಾಸ್ಟಿಕ್ ಚಮಚ, ಪಶ್ಚಿಮಕ್ಕೆ ಕಾಗದದ ಕರವಸ್ತ್ರ, ಉತ್ತರಕ್ಕೆ ಚಟ್ನಿಯ ಪೊಟ್ಟಣ, ದಕ್ಷಿಣಕ್ಕೆ ಸದರಿ ರೊಟ್ಟಿಯ ಅನುಭವದಾರನಾದ ನಾನು. ಈ ನಾಲ್ಕು ಎಲ್ಲೆಗಳ ನಡುವೆ ಅಂಗೈಯಗಲದ ರೊಟ್ಟಿ. ತಲೆಯೆತ್ತಿ ನೋಡುತ್ತೇನೆ, ಎದುರು ಗೋಡೆಯ ತುಂಬ ಮಂಗಳಮ್ಮ!

ಮಂಗಳಮ್ಮ ಯಾರೆಂದು ಹೇಳಬೇಕು. ಮಡಿಕೇರಿ ರಸ್ತೆಯಲ್ಲಿ, ಈಗ ಈ ಹೊಸ ಹೋಟೆಲಿರುವ ಜಾಗಕ್ಕೆ ಓರೆಯಾಗಿ ಎದುರಿಗೆ, ಎಂಟು ಮೇಜಿನ ಹೋಟೆಲು ನಡೆಸುವವರು. ವಯಸ್ಸು ಐವತ್ತು ದಾಟಿಲ್ಲ. ಅವರ ಅಕ್ಕಿರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿಗೆ ಹೊಗೆಸೊಪ್ಪಿನ ಹರಾಜಿಗೆ ಬರುವ ರೈತರು ಬಿಳಿಕೆರೆಯಲ್ಲಿ ಬಸ್ಸು ಹತ್ತುವಾಗಲೇ ಹಸಿದುಕೊಳ್ಳುತ್ತಾರೆ. ಕಪ್ಪಗೆ, ತರಿತರಿಯಾಗಿ, ಬೆಳ್ಳುಳ್ಳಿಯ ಘಾಟಿನ ಆ ಚಟ್ನಿಯನ್ನು ತಿಂದವರು ಅರ್ಧ ದಿನ ಯಾರ ಹತ್ತಿರವೂ ಗುಟ್ಟು ಹೇಳುವ ಹಾಗಿಲ್ಲ. ನನ್ನ ಬೆಳಗಿನ ತಿಂಡಿ ಹದಿನೆಂಟು ವರ್ಷದಿಂದ ಅಲ್ಲಿಯೇ.

ಹೊಸ ಹೋಟೆಲು ತೆರೆಯುವ ಒಂದು ತಿಂಗಳ ಮುಂಚೆ ಮಂಗಳಮ್ಮನವರಲ್ಲಿಗೆ ಕ್ಯಾಮೆರಾ ಹೊತ್ತ ಇಬ್ಬರು ಬಂದಿದ್ದರು. ‘ಊರಿನ ಅಡುಗೆಯ ಬಗ್ಗೆ ಫೋಟೋ ತೆಗೀತಾ ಇದ್ದೀವಿ’ ಎಂದರು. ಮಂಗಳಮ್ಮ ಸಂಭ್ರಮದಿಂದ ಒಳಗೆ ಹೋಗಿ ರೇಷ್ಮೆ ಸೀರೆಯುಟ್ಟು ಬಂದರೆ, ಅವರು ಹಳೆಯ ಸೀರೆಯೇ ಚೆನ್ನಾಗಿತ್ತು ಎಂದು ವಾಪಸು ಕಳಿಸಿದರು. ರುಬ್ಬುವ ಕಲ್ಲು ಬೇಕೆಂದರು. ಮಂಗಳಮ್ಮ ಕರೆಂಟಿನ ಗ್ರೈಂಡರಿನಲ್ಲಿ ರುಬ್ಬಲು ಶುರುಮಾಡಿ ಯಾವ ಕಾಲವಾಯಿತೋ. ಹಿತ್ತಲಿನ ಕಲ್ಲಿನ ಗುಳಿಯಲ್ಲಿ ಕಾಗೆಗಳಿಗೆ ನೀರಿಟ್ಟಿದ್ದರು. ಅದನ್ನು ಉರುಳಿಸಿ ತರಲಾಯಿತು. ಕೊನೆಗೆ ಕೂದಲು ತೀರ ಕಪ್ಪಗಿದೆ ಎಂಬ ತಕರಾರು ಬಂತು. ಒಂದು ಹಿಡಿ ಅಕ್ಕಿಹಿಟ್ಟು ತಂದು ಅವರ ತಲೆಗೆ ಸವರಿ, ‘ಈಗ ಸಹಜವಾಗಿದೆ’ ಎಂದರು. ಇಷ್ಟೆಲ್ಲ ನಡೆಯುವಾಗ ಬಿಸಿಲನ್ನು ಮುಖದ ಮೇಲೆ ಬೀಳಿಸುವ ಬೆಳ್ಳಿಬಣ್ಣದ ಹಾಳೆಯೊಂದನ್ನು ಹಿಡಿದುಕೊಂಡು ನಿಂತಿದ್ದವನು ನಾನೇ. ಓದದೆ ಸಹಿ ಹಾಕಬೇಡಿ ಎಂದು ಮೂವತ್ತು ವರ್ಷ ತಾಲ್ಲೂಕಿಗೆಲ್ಲ ಬುದ್ಧಿ ಹೇಳಿದ ನಾನು, ಮಂಗಳಮ್ಮ ಆ ಫೋಟೋದವರ ಮೊಬೈಲಿನ ಗಾಜಿನ ಮೇಲೆ ಬೆರಳಿನಿಂದ ಒಪ್ಪಿಗೆಯ ಸಹಿ ಗೀಚುವಾಗ, ‘ಸ್ವಲ್ಪ ಎಡಕ್ಕೆ ತಿರುಗಿಸಲಾ?’ ಎಂದು ಹಾಳೆಯ ಬಗ್ಗೆ ವಿಚಾರಿಸುತ್ತಿದ್ದೆ.

ಆ ಫೋಟೋವೇ ಈಗ ಗೋಡೆಯ ಮೇಲಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಹುಣಸೂರಿನ ಅಜ್ಜಿಯ ಕೈರುಚಿ’.

ಇದನ್ನು ಅವರಿಗೆ ಕೂಡಲೇ ತಿಳಿಸಬೇಕಿತ್ತು. ತಿಳಿಸಿದರೆ ನಾನು ಅಲ್ಲಿಗೆ ಹೋಗಿದ್ದೂ ತಿಳಿಯುತ್ತದಲ್ಲ ಎಂದು ಎರಡು ದಿನ ನುಂಗಿಕೊಂಡೆ. ಮೂರನೆಯ ದಿನ ತಿಂಡಿಗೆ ಹೋದರೆ ಮಂಗಳಮ್ಮನೇ ರೊಟ್ಟಿ ತಂದಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ ಬರಹಗಾರ್ರೆ, ನನ್ನೇ ಅಜ್ಜಿ ಮಾಡವ್ರಂತೆ? ಮಗಳಿಗಿನ್ನೂ ಮದ್ವೆಯಾಗಿಲ್ಲ, ನಾನು ಯಾವ ಮೊಮ್ಮಗೀಗೆ ಅಜ್ಜಿ?”

ನಾನು ರೊಟ್ಟಿಯತ್ತ ನೋಡಿದೆ.

“ಅದು ಆಳಾಗೋಗ್ಲಿ. ನಾನು ದುಡ್ಡಿಸ್ಕಂಡು ಕೈರುಚಿ ಮಾರ್ಬುಟ್ಟೆ ಅಂತ ಊರೆಲ್ಲ ಅಂತಾವ್ರೆ. ಅಲ್ಲಿ ತಿಂದೋರು ಇಲ್ಲಿ ಬಂದು, ‘ಏನವ್ವ ಮಂಗಳಮ್ಮ, ನಿನ್ ಚಟ್ನಿ ಕೆಟ್ಟೋಯ್ತಲ್ಲ’ ಅಂತಾರೆ. ನಾ ಮಾಡ್ದೆ ಇರೋ ಚಟ್ನಿಗೆ ನಾನ್ಯಾಕೆ ಬೈಸ್ಕೊಳ್ಳಾನ?”

ಎಂಟು ಮೇಜುಗಳಲ್ಲಿ ಅಂದು ಮೂರು ಖಾಲಿಯಿದ್ದವು. ಹೋದವರನ್ನು ಅವರು ತಡೆಯುತ್ತಿರಲಿಲ್ಲ. ಯಾರ ನಾಲಿಗೆ ಯಾರ ಅಪ್ಪಣೆ ಕೇಳುತ್ತದೆ? ಆದರೆ ಹೋದವರೆಲ್ಲ ಅವರ ಹೆಸರನ್ನು ಹೊತ್ತುಕೊಂಡು ಹೋಗಿ ಅಲ್ಲಿ ಉಗಿದು ಬರುತ್ತಿದ್ದರು. ಅದು ಅವರಿಗೆ ಚುಚ್ಚಿತ್ತು.

ಅವರ ಹೋಟೆಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮುಚ್ಚಿರುತ್ತದೆ. ಆ ಹೊತ್ತಿಗೆ ರೇಷ್ಮೆ ಸೀರೆಯುಟ್ಟು, ನನ್ನನ್ನು ಜೊತೆಗೆ ಕರೆದುಕೊಂಡು ರಸ್ತೆ ದಾಟಿದರು. ನೇರವಾಗಿ ಹೋಗಿ ತಮ್ಮದೇ ಫೋಟೋದ ಕೆಳಗೆ ಕೂತರು. ಯಾರೂ ಗುರುತು ಹಿಡಿಯಲಿಲ್ಲ, ತಲೆಯಲ್ಲಿ ಹಿಟ್ಟಿರಲಿಲ್ಲವಲ್ಲ. ಮ್ಯಾನೇಜರ್ ಯೋಗೇಶ ತಾನೇ ಬಂದ. ಭೇರ್ಯದ ಕಡೆಯವನು, ಹುಣಸೂರಿಗೆ ಹೊಸಬ, ಬಲು ವಿನಯವಂತ. ರೊಟ್ಟಿ ಬಂತು. ಮಂಗಳಮ್ಮ ಮೇಲೆ ಕೈತೋರಿಸಿ ಕೇಳಿದರು.

“ಆ ಫೋಟೋದಲ್ಲಿರೋರು ಯಾರಪ್ಪ?”

“ಅವರು ನಮ್ಮ ಕಂಪನಿ ಅಜ್ಜಿ ಮೇಡಂ. ಈ ಚಟ್ನಿ ಅವರದೇ ಕೈರುಚಿ.”

“ಬದುಕವ್ರಾ?”

ಯೋಗೇಶ ಕ್ಷಣಕಾಲ ಫೋಟೋ ನೋಡಿದ. “ಡೌಟು ಮೇಡಂ. ಹಳೇ ಕಾಲದೋರು.”

ಮಂಗಳಮ್ಮ ಪೊಟ್ಟಣ ಹರಿದು ಚಟ್ನಿಯನ್ನು ನಾಲಿಗೆಗೆ ಮುಟ್ಟಿಸಿದರು. ಅವರ ಮುಖ ಅಂಥ ಬಣ್ಣಕ್ಕೆ ತಿರುಗಿದ್ದನ್ನು ನಾನು ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, “ಏನೇನ್ ಆಕವ್ರೆ, ಓದಿ” ಎಂದರು. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಏರಿಸಿ ಓದುತ್ತ ಹೋದೆ. ಮೂರನೆಯ ಹೆಸರಿಗೆ ಬಂದಾಗ ಅವರು ತಡೆದರು.

“ಏನಂದ್ರಿ? ಸಕ್ಕರೆನಾ?”

“ಸಕ್ಕರೆ.”

“ಉಚ್ಚೆಳ್ ಚಟ್ನಿಗೆ ಸಕ್ಕರೆ!”

ತಮ್ಮನ್ನು ಅಜ್ಜಿ ಮಾಡಿದ್ದನ್ನು ಸಹಿಸಿದ್ದರು, ಸಾಯಿಸಿದ್ದನ್ನೂ ಸಹಿಸಿದರು. ಸಕ್ಕರೆಯನ್ನು ಸಹಿಸಲಾಗಲಿಲ್ಲ. ಎದ್ದು ನಿಂತು, ಪಕ್ಕದ ಮೇಜಿನಲ್ಲಿ ಮಕ್ಕಳೊಂದಿಗೆ ಕೂತಿದ್ದ ಹೆಂಗಸಿಗೆ ಹೇಳಿದರು: “ನೋಡವ್ವ, ಆ ಗೋಡೆ ಮ್ಯಾಲಿರೋಳು ನಾನೇ ಕಣವ್ವ. ಈ ಚಟ್ನಿ ನಂದಲ್ಲ. ನಮ್ಮೂರಲ್ಲಿ ಯಾರ್ ಚಟ್ನಿನೂ ಇಂಗಿರಾಕಿಲ್ಲ.” ಆ ಹೆಂಗಸು ಮೇಲೊಮ್ಮೆ ಕೆಳಗೊಮ್ಮೆ ನೋಡಿ ಮಗುವಿನ ಕೈಯಿಂದ ಪೊಟ್ಟಣ ಕಿತ್ತುಕೊಂಡಳು. ಯೋಗೇಶನ ವಿನಯ ಬೆವರತೊಡಗಿತು.

ನನ್ನ ಪಾಪಪರಿಹಾರಕ್ಕೆಂದು ನಾನೊಂದು ನೋಟೀಸು ಬರೆದೆ. ‘ಸದರಿ ಮಂಗಳಮ್ಮನವರು ಸದರಿ ಚಟ್ನಿಯನ್ನು ಯಾವತ್ತೂ, ಯಾವ ರೀತಿಯಲ್ಲೂ, ಸ್ವಂತ ಅಥವಾ ಇತರರ ಮೂಲಕ ತಯಾರಿಸಿರುವುದಿಲ್ಲವಾಗಿ’ ಎಂದು ಆರಂಭವಾಗುವ ಆ ವಾಕ್ಯ ಎರಡನೆಯ ಪುಟದಲ್ಲಿ ಮುಗಿಯುತ್ತಿತ್ತು. ನನ್ನ ಬರವಣಿಗೆಯ ಬದುಕಿನಲ್ಲೇ ಶ್ರೇಷ್ಠವಾದ ವಾಕ್ಯ. ಕಂಪನಿಯವರು ಮಿಂಚಂಚೆಯಲ್ಲಿ ಉತ್ತರ ಕಳಿಸಿದರು: ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ನಮ್ಮ ಚಟ್ನಿಯನ್ನು ನೀವು ಇಷ್ಟಪಟ್ಟಿದ್ದಕ್ಕೆ ಸಂತೋಷ, ಮುಂದಿನ ಭೇಟಿಯಲ್ಲಿ ಒಂದು ಐಸ್‌ಕ್ರೀಂ ಉಚಿತ. ನಾನು ಅದನ್ನು ಓದಿ ಹೇಳಿದಾಗ ಮಂಗಳಮ್ಮ ಹಿಟ್ಟು ನಾದುತ್ತಲೇ, “ನಿಮ್ಮ ಬರವಣ್ಗೆ ಬುಡಿ, ನಾನೇ ನೋಡ್ಕತೀನಿ” ಎಂದರು.

ಮರುದಿನದಿಂದ ಪ್ರತಿ ಮಧ್ಯಾಹ್ನ ಮೂರಕ್ಕೆ ಅವರು ರಸ್ತೆ ದಾಟಿ, ಒಂದು ಕಾಫಿ ಹೇಳಿ, ತಮ್ಮ ಫೋಟೋದ ಕೆಳಗೆ ಕೂರತೊಡಗಿದರು. ಜೊತೆಗೊಂದು ಸ್ಟೀಲ್ ಡಬ್ಬಿ, ಅದರ ತುಂಬ ತಮ್ಮ ಚಟ್ನಿ. ಬಂದವರೆಲ್ಲರ ತಟ್ಟೆಗೆ ಒಂದೊಂದು ಚಮಚ ಹಾಕಿ, “ಇದು ತಿನ್ನಿ, ಆಮೇಲ್ ಅದು ತಿನ್ನಿ, ನೀವೇ ಏಳಿ” ಎನ್ನುತ್ತಿದ್ದರು. ಕೂಗಾಟವಿಲ್ಲ, ಜಗಳವಿಲ್ಲ. ಮದುವೆಮನೆಯಲ್ಲಿ ಬಡಿಸುವವರ ಹಾಗೆ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದರು. ಕೊಡಗಿಗೆ ಹೋಗುವ ಪ್ರವಾಸಿಗರು ಇದೂ ಹೋಟೆಲಿನವರದೇ ಏರ್ಪಾಡೆಂದು ತಿಳಿದು ಅವರ ಜೊತೆ, ಮೇಲೊಂದು ಕೆಳಗೊಂದು ಮಂಗಳಮ್ಮ ಬರುವ ಹಾಗೆ, ಫೋಟೋ ತೆಗೆಸಿಕೊಂಡರು.

ಮೂರನೆಯ ದಿನ ಯೋಗೇಶ ಕೈಮುಗಿದುಕೊಂಡು ಬಂದ. ಕಂಪನಿ ಕಲಿಸಿದ ಕನ್ನಡ ಅಷ್ಟರಲ್ಲಿ ಅವನ ಬಾಯಿಂದ ಉದುರಿಹೋಗಿತ್ತು.

“ಅಮ್ಮಾ, ಒರಗಿನ ತಿಂಡಿ ಒಳಗ್ ತರಂಗಿಲ್ಲ ಕಣಮ್ಮ. ಮ್ಯಾಲ್ನೋರು ನನ್ನ ಬೈತಾರೆ.”

“ಗೋಡೆ ಮ್ಯಾಲೆ ನಾನೇ ಇದ್ದೀನಲ್ಲಪ್ಪ. ನಾ ಒಳಗಿನೋಳಾದ್ರೆ ನನ್ ಚಟ್ನಿ ಒರಗಿಂದು ಎಂಗಾಯ್ತದೆ?”

ಯೋಗೇಶ ಗೋಡೆ ನೋಡಿದ, ಡಬ್ಬಿ ನೋಡಿದ. ಕೊನೆಗೆ, “ನಂಗೂ ಒಸಿ ಆಕಿ” ಎಂದು ಅಂಗೈ ಚಾಚಿದ. ನೆಕ್ಕಿ ಮುಗಿಸಿ, ಅಲ್ಲೇ ನಿಂತು, ಮೇಲಿನವರಿಗೆ ಫೋನು ಮಾಡಿದ. ಅತ್ತಲಿಂದ ಏನು ಹೇಳಿದರೋ ಗೊತ್ತಿಲ್ಲ. ಇತ್ತಲಿಂದ ಅವನು, “ಇಲ್ಲ ಸಾರ್, ಸತ್ತಿಲ್ಲ ಸಾರ್, ಇಲ್ಲೇ ಕಾಫಿ ಕುಡೀತಾವ್ರೆ” ಎಂದದ್ದನ್ನು ಮಾತ್ರ ಎಲ್ಲರೂ ಕೇಳಿಸಿಕೊಂಡೆವು.

ಆ ವಾರದೊಳಗೆ ಫೋಟೋ ಇಳಿಯಿತು. ಕ್ಷಮಾಪಣೆಯೇನೂ ಬರಲಿಲ್ಲ; ಕಂಪನಿಗಳಿಗೆ ನಾಚಿಕೆಯ ಇಲಾಖೆ ಇರುವುದಿಲ್ಲ. ಯೋಗೇಶನೇ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ರಸ್ತೆ ದಾಟಿಸಿ ತಂದುಕೊಟ್ಟ. ಬಾಗಿಲಿನಷ್ಟು ದೊಡ್ಡದು. ಏನು ಮಾಡುತ್ತೀರಿ ಎಂದು ಕೇಳಿದೆ. “ಅಕ್ಕಿ ಮೂಟೆ ಇಂದೆ ಮಡಗಿರ್ತೀನಿ, ತಿಥಿಗಾಯ್ತದೆ” ಎಂದು ನಕ್ಕರು. ಖಾಲಿಯಿದ್ದ ಮೇಜುಗಳಲ್ಲಿ ಎರಡು ಮತ್ತೆ ತುಂಬಿದವು. ಮೂರನೆಯದು ತುಂಬಲಿಲ್ಲ, ಹೊಸ ಹೋಟೆಲಿನ ತಂಪಿಗೆ ಕೆಲವರು ಒಗ್ಗಿಹೋಗಿದ್ದರು. ನಮ್ಮೂರಿನ ಜಾಣರಂತೂ ಮಧ್ಯದ ದಾರಿ ಹಿಡಿದರು: ಅಲ್ಲಿಯ ಶೌಚಾಲಯಕ್ಕೆ ಹೋಗಿ, ಅಲ್ಲಿಯೇ ಕೈತೊಳೆದು, ಇಲ್ಲಿ ಬಂದು ಉಣ್ಣತೊಡಗಿದರು. ದೇಶವ್ಯಾಪಿ ಸಂಸ್ಥೆಯೊಂದು ಹುಣಸೂರಿಗೆ ಇದಕ್ಕಿಂತ ಹೆಚ್ಚಿನ ಸೇವೆ ಸಲ್ಲಿಸಬಹುದೆಂದು ನನಗೆ ತೋರುವುದಿಲ್ಲ.

ಹದಿನೈದು ದಿನ ಬಿಟ್ಟು ಖಾಲಿ ಗೋಡೆಗೆ ಹೊಸ ಫೋಟೋ ಬಂತು. ಮತ್ತೊಬ್ಬ ಅಜ್ಜಿ. ಬೆಳ್ಳಗಿನ ಕೂದಲು, ಹಣೆಯಗಲದ ಕುಂಕುಮ, ಒಂದೂ ಹೋಗದ ಹಲ್ಲುಗಳು, ಎರಡೂ ಕೆನ್ನೆಗಳ ಮೇಲೆ ಲೆಕ್ಕ ಹಾಕಿ ಬರೆದಂಥ ಸುಕ್ಕು. ಸುದ್ದಿ ಕೇಳಿ ಮಂಗಳಮ್ಮ ನೋಡಲು ಬಂದರು. ಬಹಳ ಹೊತ್ತು ನಿಂತು ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಮರುಕವಿತ್ತು.

“ಪಾಪ, ಯಾರ್ ಮನೆ ಎಂಗ್ಸೋ! ಪಿರಿಯಾಪಟ್ಣದೋಳೋ ಕೋಟೆಯೋಳೋ. ಅಡ್ರೆಸ್ ಕೊಡಪ್ಪ ಯೋಗೇಶ, ಓಗಿ ಒಂದ್ ಮಾತು ಏಳ್ಬುಟ್ ಬತ್ತೀನಿ.”

ಯೋಗೇಶ ಸಂಕೋಚದಿಂದ ಕತ್ತು ಕೆರೆದುಕೊಂಡ. “ಅಡ್ರೆಸ್ ಇಲ್ಲ ಕಣಮ್ಮ. ಇವ್ರು ಯಾರೂ ಅಲ್ಲ. ಕಂಪ್ಯೂಟರ್ನಲ್ಲಿ ಮಾಡವ್ರೆ.”

“ಅಂಗಂದ್ರೆ? ಉಟ್ಟೇ ಇಲ್ವಾ ಇವಳು?”

“ಇಲ್ಲ.”

ಮಂಗಳಮ್ಮ ಫೋಟೋದತ್ತ ಇನ್ನೊಮ್ಮೆ ನೋಡಿದರು, ಮೇಜಿನ ಮೇಲೆ ಬಿದ್ದಿದ್ದ ಪೊಟ್ಟಣದತ್ತ ನೋಡಿದರು, ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಹೊರಟರು.

“ಅಂಗಾದ್ರೆ ಸರಿ ಬುಡು. ಆ ಚಟ್ನಿ ಮಾಡಿರೋಳು ಇವಳೇಯ.”