ಬಂದ್ಯೋಡಿನ ವಾಶರ್ ಡಬ್ಬಿ

ಬಂದ್ಯೋಡು ಪೇಟೆ ಮುಟ್ಟುವಷ್ಟರಲ್ಲಿ ನನ್ನ ಸೈಕಲಿನ ಹಿಂದಿನ ಚಕ್ರದ ಗಾಳಿ ಹೋಯಿತು. ಸೈಕಲ್ ಅಂಗಡಿಯ ಸಂಜೀವಣ್ಣ ಪಂಕ್ಚರ್ ಏನೋ ಹಾಕಿದರು, ಆದರೆ ಗಾಳಿ ಹೊಡೆಯುವಾಗ ಅವರ ಪಂಪೇ ಕೈಕೊಟ್ಟಿತು. ಬಿಚ್ಚಿ ನೋಡಿದರೆ, ಗಾಳಿ ಹಿಂದಕ್ಕೆ ಸೋರದಂತೆ ತಡೆಯುವ ಒಳಗಿನ ತೊಗಲಿನ ವಾಶರ್ ಒಣಗಿ ಸೆಟೆದಿತ್ತು. ತಗಡಿನ ಡಬ್ಬಿಯಿಂದ, ತೆಂಗಿನೆಣ್ಣೆಯಲ್ಲಿ ನೆನೆಹಾಕಿದ್ದ ಹೊಸದೊಂದನ್ನು ತೆಗೆದರು.

ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಗಾಳಿಯ ಬಲದಿಂದಲೇ ರೈಲು ಓಡಿಸಿದ್ದರು ಎಂದೆ. ಹಳಿಗಳ ನಡುವೆ ಕಬ್ಬಿಣದ ಕೊಳವೆ, ಅದರೊಳಗೆ ಪಿಸ್ಟನ್. ದಾರಿಬದಿಯ ಯಂತ್ರ ಮುಂದಿನ ಗಾಳಿಯನ್ನು ಹೀರಿಕೊಂಡರೆ ಹಿಂದಿನ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ರೈಲು ಹೊಗೆಯಿಲ್ಲದೆ ಓಡುತ್ತದೆ.

"ಪಿಸ್ಟನ್ ಒಳಗೆ, ರೈಲು ಹೊರಗೆ. ಜೋಡಿಸುದು ಹೇಗೆ?" ಸಂಜೀವಣ್ಣ ಕೇಳಿದರು.

"ಕೊಳವೆಯ ಮೇಲೆ ಉದ್ದಕ್ಕೂ ಸೀಳು ಉಂಟು. ರೈಲಿನ ಕಬ್ಬಿಣದ ತೋಳು ಅದರಲ್ಲಿ ಜಾರಿಕೊಂಡು ಹೋಗ್ತದೆ. ಗಾಳಿ ಸೋರದ ಹಾಗೆ ಸೀಳಿಗೆ ತೊಗಲಿನ ಮುಚ್ಚಳ, ಅದಕ್ಕೆ ಕೊಬ್ಬು ಸವರಿದ್ದು."

ಅವರ ಕೈ ನಿಂತಿತು. "ಕೊಬ್ಬಾ? ಇಲಿ ಬಿಡ್ತದಾ ಮಾರಾಯ್ರೆ?"

ನಾನು ಕೊನೆಗೆ ಹೇಳಲೆಂದು ಇಟ್ಟುಕೊಂಡದ್ದೇ ಅದು. ತೊಗಲು ಗಡುಸಾಗಿ ಬಿರಿಯಿತು, ಗಾಳಿ ಸೋರಿತು, ಇಲಿಗಳೂ ಕಡಿದವಂತೆ. ಆ ರೈಲು ಹೆಚ್ಚು ಕಾಲ ನಡೆಯಲಿಲ್ಲ.

ಸಂಜೀವಣ್ಣ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಪಾಪ," ಎಂದರು. "ನನಗೆ ಇಷ್ಟು ಸಣ್ಣ ತೊಗಲು ಕಾಯ್ಲಿಕ್ಕೆ ಆಗುದಿಲ್ಲ. ಅವರಿಗೆ ಊರಿಂದ ಊರಿಗೆ ಕಾಯ್ಲಿಕ್ಕೆ ಇತ್ತಲ್ಲ!"

ಡಬ್ಬಿಯ ಮುಚ್ಚಳ ಬಿಗಿಮಾಡಿ, ಅದರ ಮೇಲೆ ಒಂದು ಕಲ್ಲನ್ನೂ ಇಟ್ಟರು.