ಎರಡು ಮೇಜುಗಳ ಲೆಕ್ಕ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸೈನ್ಯದ ಒಂದು ಸಣ್ಣ ಘಟಕದಲ್ಲಿದ್ದೆ. ರಜೆಗೆ ಅಕ್ಕಿಹೆಬ್ಬಾಳಿಗೆ ಬಂದಾಗ ದೊಡ್ಡಪ್ಪನ ಮಗ ನನ್ನನ್ನು ಕೋವಿ ಹಿಡಿಯದ ಸಿಪಾಯಿ ಎಂದು ನಾಲ್ಕು ಜನರಿಗೆ ಪರಿಚಯಿಸುತ್ತಿದ್ದ. ಮೂರು ರಜೆಗಳಲ್ಲಿ ಐದು ಸಲ ಹಾಗೆಂದಿದ್ದಾನೆ. ನಮ್ಮ ಕೆಲಸವನ್ನು ಹೊರಗೆ ಹೇಳುವಂತಿರಲಿಲ್ಲವಾದ್ದರಿಂದ ಐದು ಸಲವೂ ನುಂಗಿಕೊಂಡೆ.

ಕೆಲಸವೆಂದರೆ, ಬೇರೆ ದೇಶಗಳ ಉಪಗ್ರಹಗಳು ಕ್ಯಾಮೆರಾ ಹೊತ್ತು ನಮ್ಮ ಗಡಿಯ ಮೇಲೆ ಹಾದುಹೋಗುವ ಗಳಿಗೆಯನ್ನು ಮುಂಚಿತವಾಗಿ ಕಂಡುಹಿಡಿಯುವುದು. ನಮ್ಮ ಪಟ್ಟಿಯನ್ನು ನೋಡಿಕೊಂಡು ಗಡಿಯಲ್ಲಿದ್ದವರು ಆ ಹೊತ್ತಿಗೆ ಲಾರಿ, ಫಿರಂಗಿಗಳ ಮೇಲೆ ಬಲೆ ಹೊದಿಸುತ್ತಿದ್ದರು. ಉಪಗ್ರಹದ ಪಥದ ಅಂಕಿಗಳು ಮೇಲಿನಿಂದ ಬರುತ್ತಿದ್ದವು. ಅವನ್ನು ಎರಡು ಮೇಜುಗಳಲ್ಲಿ ಇಬ್ಬರು ಪ್ರತ್ಯೇಕವಾಗಿ ಲೆಕ್ಕ ಮಾಡಬೇಕು. ಒಬ್ಬನ ಹಾಳೆಯನ್ನು ಇನ್ನೊಬ್ಬ ನೋಡಕೂಡದು. ಎರಡೂ ತಾಳೆಯಾದರೆ ಅಧಿಕಾರಿ ರುಜು ಹಾಕಿ ಕಳಿಸುವರು. ವ್ಯವಸ್ಥೆಯಿದ್ದದ್ದು ಇಷ್ಟೇ. ಬಂದ ಅಂಕಿಗಳೇ ಕೆಟ್ಟಿದ್ದರೆ ಹಿಡಿಯುವ ಮೇಜು ಅದರಲ್ಲಿರಲಿಲ್ಲ.

ಒಂದು ಮೇಜು ನನ್ನದು. ಇನ್ನೊಂದು ಪಾಂಡವಪುರದ ಕಮ್ಮಾರರ ಮನೆಯವನದು. ಅಷ್ಟು ದೂರದ ಆ ಕಂಟೋನ್ಮೆಂಟಿನಲ್ಲಿ ನಮ್ಮ ಕಡೆಯ ಮಾತಿಗೆ ನಾವಿಬ್ಬರೇ. ನನ್ನ ಹಾಳೆಯಲ್ಲಿ ಹೊಡೆದುಹಾಕಿದ ಒಂದು ಗುರುತೂ ಇರುತ್ತಿರಲಿಲ್ಲ. ಅವನದರಲ್ಲಿ ಗೀಚು, ತಿದ್ದು, ಶಾಯಿಯ ಬೆರಳಚ್ಚು. "ನಿನ್ ಹಾಳೆ ನೋಡುದ್ರೆ ಮದ್ವೆ ಕಾಗ್ದ ಇದ್ದಂಗದೆ ಕಣ್ಲಾ," ಎಂದು ರೇಗಿಸುತ್ತಿದ್ದ. ಆದರೆ ಲೆಕ್ಕದಲ್ಲಿ ನನಗಿಂತ ಚುರುಕು. ಆ ವರ್ಷ ಅವನಿಗೆ ಬಡ್ತಿ ಸಿಗಬೇಕಿತ್ತು. ಸಿಗದಿದ್ದರೆ ಸೇವಾವಧಿ ಮುಗಿದು ಮನೆಗೆ ಹೋಗಬೇಕಿತ್ತು.

ಒಂದು ಬೆಳಿಗ್ಗೆ ಬಂದ ಅಂಕಿಗಳು ಹಳೆಯವು. ಉಪಗ್ರಹ ದಿನದಿಂದ ದಿನಕ್ಕೆ ಚೂರು ಚೂರೇ ಜಾರುವುದರಿಂದ ಹಳೆಯ ಅಂಕಿಗಳಿಂದ ಹೊತ್ತು ತಪ್ಪುತ್ತದೆ. ಅವನು ಎದ್ದುಹೋಗಿ ಅಧಿಕಾರಿಗೆ ಇದನ್ನು ತಿಳಿಸಿದ. ಬಂದದ್ದನ್ನು ಲೆಕ್ಕಹಾಕುವುದಷ್ಟೇ ನಿನ್ನ ಕೆಲಸ ಎಂದು ಅಧಿಕಾರಿ ಹಿಂದಿರುಗಿಸಿದರು. ನಾನು ನಾಲ್ಕು ಹೆಜ್ಜೆ ಆಚೆ ಕುಳಿತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡೆ. ಇಬ್ಬರೂ ಲೆಕ್ಕ ಮಾಡಿದೆವು. ತಾಳೆಯಾಯಿತು. ಪಟ್ಟಿ ಹೋಯಿತು. ಗಡಿಯಲ್ಲಿ ಬಲೆ ತೆಗೆದಿದ್ದ ಹೊತ್ತಿನಲ್ಲೇ ಉಪಗ್ರಹ ಹಾದುಹೋಯಿತೆಂದು ವಾರದ ಮೇಲೆ ಗೊತ್ತಾಯಿತು.

ವಿಚಾರಣೆಯಲ್ಲಿ ಅಧಿಕಾರಿ ಹಳೆಯ ಅಂಕಿಗಳ ಸುದ್ದಿಯನ್ನೇ ಎತ್ತಲಿಲ್ಲ. ಇಬ್ಬರೂ ಒಂದೇ ಜಿಲ್ಲೆಯವರು, ಒಂದೇ ತಪ್ಪು ಮಾಡಿದ್ದಾರೆ, ಆದ್ದರಿಂದ ಒಬ್ಬ ಇನ್ನೊಬ್ಬನದನ್ನು ನಕಲು ಮಾಡಿದ್ದಾನೆ ಎಂದರು. ನನ್ನ ಶುಭ್ರವಾದ ಹಾಳೆ, ಅವನ ಗೀಚು ಹಾಳೆ ಎರಡನ್ನೂ ಎತ್ತಿ ತೋರಿಸಿ, ನಕಲು ಮಾಡಿದವನು ಯಾರೆಂದು ಕುರುಡನೂ ಹೇಳಬಲ್ಲ ಎಂದು ನನ್ನತ್ತ ನೋಡಿ ನಕ್ಕರು. ಆ ನಗುವನ್ನು ನಾನು ಕ್ಷಮಿಸಿಲ್ಲ.

ನನ್ನಿಂದ ಲಿಖಿತ ಹೇಳಿಕೆ ಕೇಳಿದರು. ಪ್ರಶ್ನೆ ನನ್ನ ಮೇಜಿನ ಕೆಲಸದ ಬಗ್ಗೆ ಮಾತ್ರ. ಎರಡು ಪುಟ ಬರೆದೆ. ಪೆನ್ನನ್ನು ಎಷ್ಟು ಗಂಟೆಗೆ ಕೆಳಗಿಟ್ಟೆ ಎಂಬುದನ್ನೂ ಬಿಡಲಿಲ್ಲ. ಅದರಲ್ಲಿ ಸುಳ್ಳು ಒಂದಕ್ಷರವಿರಲಿಲ್ಲ. ನಾನು ನಕಲು ಮಾಡಿಲ್ಲವೆಂದಾಯಿತು; ತಪ್ಪು ಅವನ ತಲೆಗೆ ಬಿದ್ದು, ಅವನನ್ನು ಉಗ್ರಾಣಕ್ಕೆ ಹಾಕಿದರು. ಬಡ್ತಿ ಬರಲಿಲ್ಲ. ಅವನು ಮನೆಗೆ ಹೊರಡುವ ದಿನ ನಾನು ಪಾಳಿಯಲ್ಲಿದ್ದೆ.

ನಿವೃತ್ತನಾಗಿ ಬಂದ ಮೇಲೆ ಆ ಅಧಿಕಾರಿಯ ವಿರುದ್ಧ ಮನವಿಯೊಂದನ್ನು ಸಿದ್ಧಪಡಿಸಿ, ಶ್ರೀರಂಗಪಟ್ಟಣದಲ್ಲಿ ಟೈಪು ಮಾಡಿಸಿ, ಅವನ ಸಹಿಗಾಗಿ ಪಾಂಡವಪುರಕ್ಕೆ ಹೋದೆ. ಅವನು ಕುಲುಮೆಯ ಮುಂದೆ ಕುಳಿತು ಕಬ್ಬು ಕಡಿಯುವ ಮಚ್ಚಿನ ಅಲಗು ತಟ್ಟುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಒರೆಸಿಕೊಂಡು ಕಾಗದವನ್ನು ಕೊನೆಯವರೆಗೂ ಓದಿದ.

"ನಾನು ಸಾಹೇಬ್ರಿಗೆ ಹೇಳಿದ್ದೂ ಇದ್ರಲ್ಲಿ ಅದೆಯಲ್ಲ. ನಿಂಗೆ ಕೇಳ್ಸಿತ್ತಾ ಆವತ್ತು?"

ಕೇಳಿಸಿತ್ತೆಂದೆ.

"ಆವತ್ತು ಬರ್ದಿದ್ಯಾ?"

ಪ್ರಶ್ನೆ ನನ್ನ ಮೇಜಿಗಷ್ಟೇ ಸಂಬಂಧಿಸಿತ್ತೆಂದು ವಿವರಿಸಿದೆ. ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕೆಂಬ ನಿಯಮವನ್ನೂ ಹೇಳಿದೆ. ನಾನು ಮುಗಿಸುವವರೆಗೆ ಕಾದು ಅವನು ಕಾಗದವನ್ನು ಮಡಚಿ ನನ್ನ ಕೈಗಿತ್ತ.

"ಆ ಸಾಹೇಬ ನನ್ನ ಕಂಡೋನೂ ಅಲ್ಲ, ಕೇಳ್ದೋನೂ ಅಲ್ಲ. ಅವನ್ಮೇಲೆ ನಂಗೇನೂ ಇಲ್ಲ ಬುಡು. ನೀನು ಕರೆಕ್ಟಾಗಿ ಬರ್ದೆ ಕಣ್ಲಾ. ನಂಗೆ ತಗಲಿದ್ದು ಅದು."

ಹೆಂಡತಿಯನ್ನು ಕರೆದು ಟೀ ಕೊಡಿಸಿದ. ಕುಡಿದೆ. ಮಾತು ಮಳೆಬೆಳೆಗೆ ಹೊರಳಿತು. ಗಿರಾಕಿಯೊಬ್ಬ ಬಂದಾಗ ಅವನು ಮತ್ತೆ ಮಚ್ಚಿಗೆ ಕೈಹಾಕಿದ. ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕುಳಿತು ಊರು ಮುಟ್ಟುವವರೆಗೂ ಅವನ ಮಾತಿಗೆ ಉತ್ತರ ಹುಡುಕಿದೆ. ನನ್ನ ಮೇಲೆ ಆಡಿದ ಮಾತುಗಳಲ್ಲಿ ಇದನ್ನೂ ಮರೆತಿಲ್ಲ, ಸಿಟ್ಟೂ ಇಳಿದಿಲ್ಲ. ಆದರೆ ಉಳಿದವುಗಳಿಗೆ ನನ್ನ ಬಳಿ ಉತ್ತರವಿದೆ, ಇದಕ್ಕಿಲ್ಲ. ಮನವಿಯನ್ನು ಕಳಿಸಲಿಲ್ಲ.