ಅರ್ಧ ಖಾಲಿ ಕಾರ್ಡು

ಲ್ಯಾಪ್‌ಟಾಪಿನ ಡಿಸ್ಕು ಸಾಯುವಾಗ ಜಲ್ಲೆನ್ನುತ್ತದೆ. ಅದರೊಳಗಿನ ತಟ್ಟೆ ಹೆಚ್ಚಾಗಿ ಗಾಜಿನದು. ಡ್ರಿಲ್ಲಿನ ಮೊನೆ ತಾಗಿದ್ದೇ ತಡ ನುಚ್ಚುನೂರಾಗಿ, ಆಮೇಲೆ ಅಲುಗಿಸಿದರೆ ಮರಳು ತುಂಬಿದ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಮೇಜಿನ ಮೇಲಿಡುವ ಕಂಪ್ಯೂಟರಿನ ದೊಡ್ಡ ಡಿಸ್ಕು ಅಷ್ಟು ಸುಲಭಕ್ಕೆ ಜೀವ ಬಿಡುವುದಿಲ್ಲ. ಅದರ ತಟ್ಟೆ ಅಲ್ಯೂಮಿನಿಯಂ. ತೂತು ಬಿದ್ದ ಮೇಲೂ ಕೀಚಲು ದನಿಯಲ್ಲಿ ನರಳುತ್ತದೆ. ಅದನ್ನು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳಕ್ಕೆ, ಅಂದರೆ ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಬಡಿದು ಬಗ್ಗಿಸಬೇಕು.

ಇವೆರಡರ ಸಾವನ್ನೂ ಸುತ್ತಿಗೆ ಅಕ್ಕ ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲಳು. ಹಳೆಯ ಕಂಪ್ಯೂಟರು, ಫೋನು, ಕ್ಯಾಮೆರಾಗಳನ್ನು ಕಳಚುವ ತಗಡಿನ ಶೆಡ್ಡಿನಲ್ಲಿ ಎಲ್ಲಕ್ಕಿಂತ ಹಿಂದಿನ ಮೇಜು ಅವಳದು. ಮುಂದಿನ ಸಾಲಿನ ಹೆಂಗಸರು ಕೇಬಲ್ ಸುಲಿದು ತಾಮ್ರ ತೆಗೆಯುತ್ತಾರೆ. ಅಕ್ಕನ ಮೇಜಿನಿಂದ ತೆಗೆಯುವಂಥದ್ದು ಏನೂ ಇಲ್ಲ. ಜನರ ಫೋಟೋ, ಪತ್ರ, ಲೆಕ್ಕ, ಗುಟ್ಟು, ಯಾವುದೂ ಇನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮಾಡುವುದಷ್ಟೇ ಅವಳ ಕೆಲಸ.

ಮೊನೆ ಇಳಿಸುವ ಮುಂಚೆ ಅವಳು ಡಿಸ್ಕಿನ ಬೆನ್ನನ್ನು ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದಳು. ಶೆಡ್ಡಿನ ಮೇಸ್ತ್ರಿಗೆ ಅದನ್ನು ನೋಡಿದಾಗಲೆಲ್ಲ ನಗು.

"ಏನಮ್ಮಾ, ಅಪ್ಪಣೆ ಕೇಳ್ತಿದೀಯಾ?"

"ಒಳಗೆ ಯಾರ್ಯಾರೋ ಇರ್ತಾರೆ ಮೇಸ್ತ್ರಿ. ಹೇಳ್ದೆ ಕೇಳ್ದೆ ತಲೆ ಒಡೆಯೋಕಾಗುತ್ತಾ?"

"ಹೇಳಿ ಕೇಳಿ ಒಡೆಯೋಳು ನೀನೊಬ್ಬಳೇ ನೋಡು. ಕೊಲೆಗಾರರಿಗೆಲ್ಲ ನಿನ್ನ ಹತ್ರ ಪಾಠ ಹೇಳಿಸ್ಬೇಕು."

ಆ ಅಡ್ಡಹೆಸರು ಈ ಕೆಲಸದಿಂದ ಬಂತು ಎಂದೇ ಎಲ್ಲರೂ ತಿಳಿದಿದ್ದರು. ಅದು ಅದಕ್ಕಿಂತ ಹಳೆಯದು. ಮೊದಲು ಹಾಗೆ ಕರೆದವನು ಅವಳ ತಮ್ಮ.

ಅವರ ಅಪ್ಪ ಬಡಗಿ. ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಡುವ ಮೊದಲು ಬೆಲ್ಟು ಬಿಚ್ಚುವ ಮನುಷ್ಯ. ತಾಯಿಯಿಲ್ಲದ ಮನೆ. ಅಕ್ಕ ತಮ್ಮನನ್ನು ಮಂಚದ ಕೆಳಗೆ ತಳ್ಳಿ ತಾನು ಅಡ್ಡ ಮಲಗುತ್ತಿದ್ದಳು. ಬೆಲ್ಟಿನ ಬಕಲು ಒಮ್ಮೆ ಅವಳ ನೆತ್ತಿಯನ್ನು ಸೀಳಿತು. ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ಒಂದು ದಿನ ಅಪ್ಪ ಹುಡುಗನ ಒಂದು ಕಾಲು ಹಿಡಿದು ಕಿಟಕಿಯಾಚೆ ತಲೆಕೆಳಗಾಗಿ ತೂಗಾಡಿಸಿದ. ಕೆಳಗೆ ಕಲ್ಲಿನ ಅಂಗಳ. ಹುಡುಗ ಕೂಗುವುದನ್ನೂ ಮರೆತಿದ್ದ. ಅವಳು ಓಡಿಹೋಗಿ ಆ ಪುಟ್ಟ ಸೊಂಟವನ್ನು ಎಡಗೈಯಿಂದ ಬಾಚಿಕೊಂಡಳು. ಬಲಗೈಗೆ ಸಿಕ್ಕಿದ ಅಪ್ಪನದೇ ಸುತ್ತಿಗೆಯನ್ನು, ಕಿಟಕಿಯ ಚೌಕಟ್ಟಿನ ಮೇಲಿದ್ದ ಅವನ ಇನ್ನೊಂದು ಮುಂಗೈ ಮೇಲೆ ಎತ್ತಿ ಹಾಕಿದಳು. ಒಣಸೌದೆ ಮುರಿದ ಸದ್ದು. ಎರಡನೇ ಪೆಟ್ಟು ಬೇಕಾಗಲಿಲ್ಲ.

ಆ ಕೈ ಮತ್ತೆ ಬೆಲ್ಟು ಹಿಡಿಯಲಿಲ್ಲ. ಉಣ್ಣುವ ತುತ್ತನ್ನೂ ನೆಟ್ಟಗೆ ಹಿಡಿಯಲಿಲ್ಲ. ಅಪ್ಪ ಸಾಯುವವರೆಗೂ ಅವಳೇ ಉಣಿಸಿದಳು. ತಮ್ಮ ಪಕ್ಕದಲ್ಲಿ ನಿಂತು, "ಸುತ್ತಿಗೆ ಅಕ್ಕ, ಸುತ್ತಿಗೆ ಅಕ್ಕ" ಎಂದು ಕುಣಿಯುತ್ತಿದ್ದ.

ಅವಳು ಮದುವೆಯಾಗಲಿಲ್ಲ. ತಮ್ಮ ದೊಡ್ಡವನಾದ. ಹಳೆಯ ಸಾಮಾನು ತುಂಬಿ ತರುವ ವ್ಯಾನಿನ ಡ್ರೈವರ್ ಕೆಲಸವನ್ನು ಅದೇ ಶೆಡ್ಡಿನಲ್ಲಿ ಕೊಡಿಸಿದಳು. ಅವನ ಹೆಂಡತಿ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದವಳು. ಮದುವೆಯಾಗಿ ಬರುವಾಗ ತನ್ನ ಹಳೆಯ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದಳು. ಹೆಣ್ಣುಮಗು ಹುಟ್ಟಿತು.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ತಮ್ಮನ ಹೆಂಡತಿಯ ಕತ್ತಿನ ಮೇಲೆ ನೀಲಿ ಕಲೆಗಳು ಕಂಡವು.

"ಏನೇ ಇದು?" ಎಂದು ಅಕ್ಕ ಕೇಳಿದಳು.

"ಬಾಗಿಲು ತಗುಲ್ತು ಅತ್ತಿಗೆ."

"ನಿಮ್ಮನೆ ಬಾಗಿಲಿಗೆ ಬೆರಳಿದಾವಾ?"

ಅವಳು ನಕ್ಕು ಕಾಲರನ್ನು ಮೇಲೆಳೆದುಕೊಂಡಳು. ತಮ್ಮನನ್ನು ಕೇಳಿದರೆ ಮಗುವಿನ ತಲೆ ಮುಟ್ಟಿ ಆಣೆ ಮಾಡಿದ. ಅಕ್ಕ ನಂಬಲಿಲ್ಲ. ಆದರೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಾದಳು. ಅವನು ಅವಳ ಕಣ್ಣಿಗೆ ಇನ್ನೂ ಕಿಟಕಿಯಾಚೆ ತೂಗಾಡುತ್ತಿದ್ದ ಹುಡುಗನೇ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಒಂದು ತಪ್ಪು ಮಾಡಿದ್ದಳು. ಕ್ಯಾಮೆರಾಗಳಲ್ಲಿ ಹಾಕುವ, ಅಂಚೆಚೀಟಿಯಷ್ಟಗಲದ ಮೆಮೊರಿ ಕಾರ್ಡುಗಳ ರಾಶಿಯೊಂದು ಬಂದಿತ್ತು. ಎಲ್ಲದರ ಕೆಳತುದಿಯಲ್ಲೂ ಸಾಲಾಗಿ, ಅಂದವಾಗಿ ತೂತು ಹಾಕಿದಳು. ಮೇಸ್ತ್ರಿ ಅವುಗಳಲ್ಲೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ, ಯಾರೋ ಟೋಪಿ ಹಾಕಿಕೊಂಡ ಮುದುಕರು ಕೇಕು ಕತ್ತರಿಸುತ್ತ ಪರದೆಯ ಮೇಲೆ ಹಲ್ಲು ಬಿಟ್ಟರು. "ನೋಡು, ಸತ್ತೋರು ಎದ್ದು ಬಂದ್ರು!" ಎಂದು ಮೇಸ್ತ್ರಿ ಕೂಗಾಡಿದ. ಒಂದು ಕಾರ್ಡನ್ನು ಉಗುರಿನಿಂದ ಎರಡು ಹೋಳು ಮಾಡಿ ತೋರಿಸಿದ. ಎಲ್ಲ ಕಾರ್ಡೂ ಹಾಗಿರುವುದಿಲ್ಲವಂತೆ. ಆದರೆ ಎಷ್ಟೋ ಕಾರ್ಡುಗಳಲ್ಲಿ ಫೋಟೋ ಹಿಡಿದಿಡುವ, ಜೀವವಿರುವ ಚಿಪ್ ಮೇಲ್ತುದಿಯ ಚಿನ್ನದ ಬಣ್ಣದ ಗೆರೆಗಳ ಹತ್ತಿರ ಮಾತ್ರ. ಉಳಿದದ್ದು ಖಾಲಿ ಪ್ಲಾಸ್ಟಿಕ್ಕು. "ಅರ್ಧ ಖಾಲಿ ಡಬ್ಬಿ ಕಣಮ್ಮ ಇದು. ಗೆರೆ ಇರೋ ಕಡೆ ಹಾಕು." ವ್ಯಾನಿನಿಂದ ಸಾಮಾನು ಇಳಿಸುತ್ತಿದ್ದ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಒಂದು ಮಧ್ಯಾಹ್ನ ಅವನು ಸಾಮಾನಿಲ್ಲದ ವ್ಯಾನು ತಂದು ನಿಲ್ಲಿಸಿ ನೇರ ಅವಳ ಮೇಜಿಗೆ ಬಂದ. ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು. ಅಂಗಿಯ ತೋಳಿನ ಮೇಲೆ ಒಣಗಿದ ರಕ್ತ.

"ಅವಳು ಆಸ್ಪತ್ರೆಲಿದಾಳೆ ಅಕ್ಕ. ಮಗೂನ ಎತ್ಕೊಂಡು ಮೆಟ್ಟಿಲಿಂದ ಬಿದ್ಲು. ದವಡೆ ಮುರಿದಿದೆ, ತಂತಿ ಹಾಕಿ ಕಟ್ಟಿದಾರೆ. ಮಾತಾಡೋಕಾಗಲ್ಲ."

"ಮಗು?"

"ಕೈ ಮುರಿದಿದೆ. ಜೀವಕ್ಕೇನಿಲ್ಲ." ಅವನು ಜೇಬಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಹೆಂಡತಿಯ ಕ್ಯಾಮೆರಾದ ಕಾರ್ಡು. "ಇದನ್ನ ಮುಗಿಸಿಬಿಡು."

"ಬಿದ್ದಿದ್ದೇ ಆದ್ರೆ ಇದನ್ಯಾಕೆ ಒಡೀಬೇಕು?"

ಅವನು ಕುಕ್ಕರುಬಡಿದು ಕೂತು ಅವಳ ಮಡಿಲಲ್ಲಿ ಮುಖ ಹುದುಗಿಸಿದ. ದೊಡ್ಡ ದೇಹವೆಲ್ಲ ಬಿಕ್ಕಿತು. "ಸಿಟ್ಟು ಬಂತು ಅಕ್ಕ. ಕಣ್ಣು ಕತ್ತಲಾಯ್ತು. ಡಿಲೀಟ್ ಮಾಡಿದ್ರೂ ತೆಗೀತಾರೆ ಅಂತ ಇಲ್ಲೇ ಕೇಳಿದೀನಿ. ನೀನು ಮುಗಿಸಿದ್ರೆ ಮುಗೀತು. ಪೊಲೀಸರಿಗೆ ಹೇಳಿದೀನಿ, ಅವಳಿಗೆ ತಲೆ ಸುತ್ತೋ ಕಾಯಿಲೆ, ಮಗು ಅವಳ ಹತ್ರ ಇದ್ರೆ ಉಳಿಯಲ್ಲ ಅಂತ." ತಲೆ ಎತ್ತಿ ಕಣ್ಣೊರೆಸಿಕೊಂಡ. "ಮಗೂನ ನಿನಗೇ ಕೊಡ್ತೀನಿ ಅಕ್ಕ. ನೀನೇ ಸಾಕು. ನನ್ನನ್ನ ಸಾಕಿದ ಹಾಗೆ."

ಅಕ್ಕನ ಕೈ ಅವನ ಕೂದಲಲ್ಲಿತ್ತು. ಆ ಮಾತು ಕೇಳಿ ಅಲ್ಲೇ ನಿಂತಿತು. ಮಗುವನ್ನು ಎದೆಗವಚಿಕೊಂಡು ಮಲಗಬೇಕೆಂಬ ಆಸೆ ಅವಳಿಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಆ ಬಿಸಿ ಭಾರ ಅವಳ ತೋಳಿಗೆ ಬಂದೂ ಬಂತು. ಮಡಿಲಲ್ಲಿದ್ದ ಸುಲಿದ ಗೆಣ್ಣುಗಳನ್ನು ನೋಡಿದಳು. ಸಾಕಿದ್ದು ಅವಳೇ.

"ಏಳು. ವೈಸು ತಿರುಗಿಸು" ಎಂದಳು.

ಕಾರ್ಡನ್ನು ಗೆರೆಗಳ ತುದಿ ಕೆಳಗಾಗಿ ವೈಸಿನ ಬಾಯಿಗಿಟ್ಟಳು. ಜೀವವಿರುವ ತುದಿ ಕಬ್ಬಿಣದ ದವಡೆಯೊಳಗೆ ಮರೆಯಾಯಿತು. ಹೊರಗೆ ಉಳಿದದ್ದು ಖಾಲಿ ಪ್ಲಾಸ್ಟಿಕ್ಕು ಮಾತ್ರ. ಇದೂ ಅರ್ಧ ಖಾಲಿ ಕಾರ್ಡೇ ಎಂದು ಹೇಳಲು ಬೆರಳ ಅಂದಾಜು ಬಿಟ್ಟು ಅವಳಿಗೆ ಬೇರೆ ಆಧಾರವಿರಲಿಲ್ಲ. ಒಮ್ಮೆ ತಟ್ಟಿದಳು. ಮೊನೆ ಇಳಿಯಿತು. ಕಪ್ಪು ಪುಡಿ ಸುರುಳಿ ಸುರುಳಿಯಾಗಿ ಎದ್ದಿತು, ಸುಟ್ಟ ವಾಸನೆ ಬಂತು. ತಮ್ಮ ಬಗ್ಗಿ ನೋಡಿದ.

ತೂತಾದ ಕಾರ್ಡನ್ನು ಅಂಥದ್ದೇ ನೂರಾರು ಕಾರ್ಡುಗಳ ಡಬ್ಬಕ್ಕೆ ಎಸೆದಳು. ಅವನು ಕೈಹಾಕಿ ಕಲಸಿ, ಯಾವುದು ಯಾವುದೆಂದು ತನಗೇ ತಿಳಿಯದ ಹಾಗಾದ ಮೇಲೆ ಅವಳ ಕಾಲು ಮುಟ್ಟಿ ಹೋದ.

ವ್ಯಾನಿನ ಸದ್ದು ಅಡಗಿತು. ಅಕ್ಕ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಉಳಿದ ಎಲ್ಲ ಕಾರ್ಡುಗಳಲ್ಲೂ ತೂತು ಗೆರೆಗಳ ಮೇಲಿತ್ತು. ಒಂದರಲ್ಲಿ ಮಾತ್ರ ಬುಡದಲ್ಲಿತ್ತು.

"ಮೇಸ್ತ್ರಿ, ಇದು ಸತ್ತಿದೆಯಾ ನೋಡಿ" ಎಂದು ಅದನ್ನು ಕೊಟ್ಟಳು.

ಸತ್ತಿರಲಿಲ್ಲ. ಪರದೆಯ ಮೇಲೆ ಮೊದಲು ಕಂಡದ್ದು ಮಗು. ಕಪಾಟಿನ ಮೇಲೆಲ್ಲೋ ಕ್ಯಾಮೆರಾ ಇಟ್ಟಿರಬೇಕು. ಮಗು ಕುರ್ಚಿಯ ಕಾಲು ಹಿಡಿದು ಎದ್ದು ನಿಂತಿತು. ಆಮೇಲೆ ಕೈ ಬಿಟ್ಟು ತೂರಾಡುತ್ತ ನಿಂತಿತು. "ಬಾ ಬಂಗಾರಿ, ಬಾ, ಅಮ್ಮ ಇದಾಳೆ" ಎಂಬ ದನಿ. ಬಾಗಿಲು ತೆರೆಯಿತು. ತಮ್ಮ ಬಂದ. ಊಟದ ವಿಷಯಕ್ಕೋ ಏನೋ ಮಾತು, ಮರುಕ್ಷಣ ಕೆನ್ನೆಗೆ ಮುಷ್ಟಿಯ ಗುದ್ದು. ಅವಳು ಮಗುವನ್ನು ಎತ್ತಿಕೊಂಡು ತಿರುಗಿದಳು. ಅವನು ಮಗುವಿನ ಒಂದು ಕೈ ಹಿಡಿದು ಕಿತ್ತ, ತರಕಾರಿ ಚೀಲ ಎಸೆಯುವ ಹಾಗೆ ಮಂಚದತ್ತ ಎಸೆದ. ಅವಳು ಮಗುವಿನ ಕಡೆಗೆ ತೆವಳಿದಳು. ಅವನು ಬೂಟುಗಾಲಿನಿಂದ ಅವಳ ಮುಖಕ್ಕೆ ಒದ್ದ. ಮತ್ತೆ ಒದ್ದ. ಅವಳು ಮಲಗಿದ ಮೇಲೂ ಒದ್ದ. ಮೇಸ್ತ್ರಿ ಮುಖ ತಿರುಗಿಸಿದ. ಅಕ್ಕ ರೆಪ್ಪೆ ಬಡಿಯದೆ ನೋಡಿದಳು. ಕೊನೆಗೆ ಅವನ ಕಣ್ಣು ಕ್ಯಾಮೆರಾದ ಮೇಲೆ ಬಿತ್ತು. ಹತ್ತಿರ ಬಂದ. ಪರದೆಯ ತುಂಬ ಒಂದು ಕೈ ಆವರಿಸಿತು. ಗಿಡ್ಡ ಹೆಬ್ಬೆರಳು, ದಪ್ಪ ಗೆಣ್ಣು. ಅಪ್ಪನ ಕೈ.

"ಏನ್ ಮಾಡ್ತೀಯಮ್ಮಾ? ನಿನ್ನ ತಮ್ಮ ಕಣಮ್ಮ" ಎಂದ ಮೇಸ್ತ್ರಿ, ತೀರಾ ಮೆಲ್ಲಗೆ.

"ನೀವು ತಗೊಂಡು ಠಾಣೆಗೆ ಹೋಗಿ. ಈಗಲೇ."

"ನೀನು?"

"ನಾನಿಲ್ಲೇ ಇರ್ತೀನಿ. ಅರ್ಧ ಖಾಲಿ ಡಬ್ಬಿ ವಿಷಯ ಅವನಿಗೂ ಗೊತ್ತು, ವಾಪಸ್ ಬಂದೇ ಬರ್ತಾನೆ. ಬಂದಾಗ ನಾನಿಲ್ದಿದ್ರೆ ನಿಮ್ಮ ಹಿಂದೆ ಬೀಳ್ತಾನೆ."

ಮೇಸ್ತ್ರಿ ಸ್ಕೂಟರು ಹತ್ತಿದ. ಅಕ್ಕ ಮೇಜಿಗೆ ಮರಳಿ ಡಿಸ್ಕು ಒಡೆಯತೊಡಗಿದಳು.

ದಾರಿಯಲ್ಲಿ ತಮ್ಮನಿಗೆ ಟೋಪಿಯ ಮುದುಕರು ನೆನಪಾಗಿದ್ದರು. ಶೆಡ್ಡಿಗೆ ನುಗ್ಗಿದವನೇ ಡಬ್ಬ ಹುಡುಕಿದ. ಬುಡದಲ್ಲಿ ತೂತಿರುವ ಕಾರ್ಡು ಅದರಲ್ಲಿ ಇರಲಿಲ್ಲ.

"ಎಲ್ಲಿ?"

ಅಕ್ಕ ಇನ್ನೊಂದು ಡಿಸ್ಕಿಗೆ ಕೈ ಹಾಕಿದಳು. ಅವನು ಅವಳ ಜುಟ್ಟು ಹಿಡಿದು ಹಣೆಯನ್ನು ವೈಸಿನ ಅಂಚಿಗೆ ಅಪ್ಪಳಿಸಿದ. ರಕ್ತ ಹುಬ್ಬಿನಿಂದ ಕಣ್ಣಿಗಿಳಿಯಿತು. "ಎಲ್ಲಿ ಅಂದೆ!" ಮತ್ತೆ ಅಪ್ಪಳಿಸಿದ. ಅವಳ ಕೈ ತಾನಾಗಿ ಸುತ್ತಿಗೆ ಹಿಡಿದು ಮೇಲೆದ್ದಿತು.

ಅವನು ಅದನ್ನು ನೋಡಿ ನಕ್ಕ. ತನ್ನ ಮುಂಗೈಯನ್ನು ಮೇಜಿನ ಮೇಲೆ ಚಾಚಿದ. "ಹೊಡಿ. ಅಪ್ಪನಿಗೆ ಹೊಡೆದೆಯಲ್ಲ, ಹಾಗೆ. ಆಮೇಲೆ ಉಣ್ಸು."

ಎತ್ತಿದ ಸುತ್ತಿಗೆ ಎತ್ತಿದ ಹಾಗೇ ನಿಂತಿತು. ಅವಳಿಂದ ಆಗಲಿಲ್ಲ. ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಸುತ್ತಿಗೆ ಕಿತ್ತುಕೊಂಡ. ಅವಳ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ.

"ಎಲ್ಲಿ?"

ಮೊದಲ ಪೆಟ್ಟು ತೋರುಬೆರಳಿಗೆ, ಡಿಸ್ಕಿನ ಬೆನ್ನು ತಟ್ಟುತ್ತಿದ್ದ ಅದೇ ಬೆರಳಿಗೆ ಬಿತ್ತು. ಅಕ್ಕ ಕಿರುಚಿದಳು, ಹೇಳಲಿಲ್ಲ. "ಎಲ್ಲಿ ಹೇಳೇ!" ಎರಡನೆಯದು ನಡುಬೆರಳಿಗೆ. ಉಗುರು ಹಾರಿಹೋಯಿತು. ಬೆರಳು ಚಪ್ಪಟೆಯಾಗಿ ಮೇಜಿಗಂಟಿತು. ಅವಳ ಬಾಯಿಂದ ಬಂದದ್ದು ಒಂದೇ ಮಾತು: "ಮಂಚದ ಕೆಳಗೆ ಹೋಗು ಮಗಾ, ಮಂಚದ ಕೆಳಗೆ ಹೋಗು." ಯಾವ ಕಾಲದಲ್ಲಿದ್ದಳೋ ಏನೋ. ಅದನ್ನು ಕೇಳಿ ಅವನ ಸುತ್ತಿಗೆ ಒಂದು ಗಳಿಗೆ ತಡವರಿಸಿತು.

ಅಷ್ಟು ಹೊತ್ತು ಸಾಕಾಯಿತು. ಕೇಬಲ್ ಸುಲಿಯುವ ಹೆಂಗಸರು ಹಿಂದಿನಿಂದ ಅವನ ಮೇಲೆ ಬಿದ್ದರು. ಒಬ್ಬಳು ಕೀಬೋರ್ಡಿನಿಂದ ಕಿವಿಯ ಮೇಲೆ ಬಾರಿಸಿದಳು, ಇನ್ನೊಬ್ಬಳು ದಪ್ಪ ಕೇಬಲ್ಲನ್ನು ಕಾಲಿಗೆ ಸುತ್ತಿ ಎಳೆದಳು. "ಅಕ್ಕನ ಕೈ ಮುರೀತೀಯೇನೋ ನಾಯಿ!" ಎನ್ನುತ್ತ ಎದೆಯ ಮೇಲೆ ಕೂತರು. ಪೊಲೀಸರು ಬಂದಾಗ, ಅವನನ್ನು ಕರೆಂಟು ವೈರಿನಲ್ಲಿ ಕಟ್ಟಿಹಾಕಿದ್ದ ಗಂಟು ಬಿಚ್ಚಲು ಅವರಿಗೇ ಬರಲಿಲ್ಲ.

ಅವನಿಗೆ ಜೈಲಾಯಿತು. ಮಗು ತಾಯಿಯ ಬಳಿ ಉಳಿಯಿತು. ಇಬ್ಬರೂ ಈಗ ಅಕ್ಕನ ಮನೆಯಲ್ಲೇ ಇದ್ದಾರೆ. ಅಕ್ಕನ ಬಲಗೈಯ ಎರಡು ಬೆರಳು ಹೋದವು. ಡ್ರಿಲ್ಲು ಹಿಡಿಯಲಾಗುವುದಿಲ್ಲವೆಂದು ಮೇಸ್ತ್ರಿ ಅವಳನ್ನು ಫೋನು ವಿಂಗಡಿಸುವ ಮೇಜಿಗೆ ಹಾಕಿದ್ದಾನೆ. ತಿಂಗಳಿಗೊಮ್ಮೆ ಅವಳು ಜೈಲಿನವರೆಗೂ ಹೋಗುತ್ತಾಳೆ. ಕೆಲವು ಸಲ ಒಳಗೆ ಹೋಗುತ್ತಾಳೆ, ಕೆಲವು ಸಲ ಗೇಟಿನಿಂದಲೇ ಹಿಂದಿರುಗುತ್ತಾಳೆ.

ದವಡೆಯ ತಂತಿ ತೆಗೆದ ಮೇಲೆ ತಮ್ಮನ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಅತ್ತಿಗೆ, ಪಾಪು ನಿಂತಿದ್ದು ಬಂದಿದೆಯಾ ಅದ್ರಲ್ಲಿ?" ಕಾರ್ಡು ಪೊಲೀಸರ ಹತ್ತಿರ ಇತ್ತು. ಮೇಸ್ತ್ರಿ ಅಂದೇ ಒಂದು ನಕಲು ಇಟ್ಟುಕೊಂಡಿದ್ದ. ಬಾಗಿಲು ತೆರೆಯುವ ಮುಂಚಿನ ಭಾಗವನ್ನಷ್ಟೇ ಕತ್ತರಿಸಿ ಅವಳ ಫೋನಿಗೆ ಹಾಕಿಕೊಟ್ಟ.

ಅವಳು ಅದನ್ನು ಮತ್ತೆ ಮತ್ತೆ ನೋಡುತ್ತಾಳೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡು, ಯಾರಿದು? ಯಾರು ನಿಂತಿರೋದು?" ಎನ್ನುತ್ತಾಳೆ. ಮಗು ಪರದೆಗೆ ಮುತ್ತಿಟ್ಟು ಜೊಲ್ಲು ಹಚ್ಚುತ್ತದೆ. ಅಕ್ಕನೂ ಪಕ್ಕದಲ್ಲಿ ಕೂತು ನಗುತ್ತಾಳೆ, ಕೊನೆಯ ಚಿತ್ರ ಬರುವ ಮುಂಚೆ ಎದ್ದು ಒಳಗೆ ಹೋಗುತ್ತಾಳೆ. ಅಲ್ಲಿ ಮಗು ಕುರ್ಚಿಯ ಕಾಲು ಬಿಟ್ಟು, ಎರಡೂ ಕೈ ಮೇಲೆತ್ತಿ ನಿಂತಿದೆ. ಹೊರಗೆ ಬೂಟಿನ ಸಪ್ಪಳ ಕೇಳಿಸಿರಬೇಕು. ಮುಚ್ಚಿದ ಬಾಗಿಲಿನ ಕಡೆ ತಿರುಗಿ, ಅಪ್ಪ ಬಂದನೆಂದು ನಗುತ್ತಿದೆ.